ವಾಚು ಮೊಳೆಯ ಮೇಲೆ, ಮಾಮಾ ಕುಣಿಯೊಳಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಮಾಮಾನ ಬಲಗಾಲು ಕೆಡಿಸಿದವನು ನಾನು. ಬೈಕು ಹಾಯಿಸಲಿಲ್ಲ, ಮೆಟ್ಟಿಲ ಮೇಲಿಂದ ನೂಕಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆದೆ, ಅಷ್ಟೇ. ಅದನ್ನೂ ನೆಟ್ಟಗೆ ಹೊಡೆಯಲಿಲ್ಲ. ಮೊದಲ ಏಟು ನನ್ನ ಹೆಬ್ಬೆರಳಿಗೆ, ಎರಡನೆಯದು ಗೋಡೆಯ ಸುಣ್ಣಕ್ಕೆ, ಮೂರನೆಯದು ಹೇಗೋ ಮೊಳೆಗೆ ಬಿತ್ತು. ಆ ಮೊಳೆಗೆ ಮಾಮಾನ ಸ್ಮಾರ್ಟ್‌ವಾಚ್ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ದೊಡ್ಡ ಇಂಜಿನಿಯರನ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತು ಹೇಳಿದೆ:

“ಮಾಮಾ, ದಿನಾ ಮಗ್ಗಕ್ಕ ಕುಂಡ್ರೂ ಮುಂದ ವಾಚ್ ಇಲ್ಲಿ ಹಾಕ್ರಿ. ಕೈಯಾಗಿದ್ರ ಪಟ್ಟಿ ಎಳಿಗೆ ಸಿಕ್ಕು ಸೀರಿ ಕೆಡತೈತಿ.”

“ಶಾಣ್ಯಾ ಅದಿ ಅಳಿಯಾ,” ಅಂದರು ಮಾಮಾ.

ಜೀವಮಾನದಲ್ಲಿ ಅವರು ನನ್ನನ್ನು ಶಾಣ್ಯಾ, ಅಂದರೆ ಜಾಣ, ಅಂದದ್ದು ಅದೊಂದೇ ಸಲ. ಅದೂ ತಪ್ಪು ಜಾಗದಲ್ಲಿ.

ಮಾಮಾ ಅಂದರೆ ನನ್ನ ಅವ್ವನ ಅಣ್ಣ. ವಯಸ್ಸು ಅರವತ್ತೊಂದು. ಇಳಕಲ್ಲಿನ ಹಳೆಯ ಓಣಿಯಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಾರೆ. ನೆಲದಲ್ಲಿ ಒಂದು ಕುಣಿ, ಅದರ ಮೇಲೆ ಮಗ್ಗ. ನೇಕಾರ ಕುಣಿಯ ಅಂಚಿಗೆ ಕೂತು ಕಾಲನ್ನು ಒಳಗೆ ಇಳಿಬಿಡುತ್ತಾನೆ. ಕೆಳಗೆ ಮರದ ಹಲಗೆಗಳಿರುತ್ತವೆ. ಒಂದನ್ನು ಒತ್ತಿದರೆ ಎಳೆಗಳು ಬಾಯಿ ತೆರೆಯುತ್ತವೆ, ಅಡ್ಡ ಎಳೆ ಹೊತ್ತ ಲಾಳಿ ಆ ಕಡೆ ಓಡುತ್ತದೆ. ಇನ್ನೊಂದನ್ನು ಒತ್ತಿದರೆ ಈ ಕಡೆ ಓಡುತ್ತದೆ. ಮುಂಜಾನೆ ಎಂಟಕ್ಕೆ ಶುರುವಾದದ್ದು ಸಂಜೆ ಆರರವರೆಗೆ, ನಡುವೆ ಊಟದ ಒಂದು ತಾಸು ಬಿಟ್ಟು, ಹೀಗೇ. ಬಾಗಿಲಲ್ಲಿ ನಿಂತು ನೋಡಿದವರಿಗೆ ಮನುಷ್ಯ ಕೂತಿದ್ದಾನೆ ಅನಿಸುತ್ತದೆ. ಕುಣಿಯೊಳಗೆ ಇಣುಕಿದರೆ ಮಾತ್ರ ತಿಳಿಯುತ್ತದೆ, ಅವನ ಎರಡೂ ಕಾಲು ದಿನವಿಡೀ ಯಾವುದೋ ಊರಿಗೆ ಹೊರಟಿರುತ್ತವೆ. ನಾನು ಇಪ್ಪತ್ತಾರು ವರ್ಷ ಬಾಗಿಲಲ್ಲಿ ನಿಂತೇ ನೋಡಿದವನು.

ಇಂಥ ಮನುಷ್ಯ ಓಡುವುದಕ್ಕೆ ಶುರುಮಾಡಿದ್ದು ಸಕ್ಕರೆ ಕಾಯಿಲೆಯ ಪುಣ್ಯದಿಂದ. ನಾಲ್ಕು ವರ್ಷದ ಹಿಂದೆ ಡಾಕ್ಟರು “ದಿನಾ ನಡೀರಿ” ಅಂದಿದ್ದರು. ಮಾಮಾ ನಡೆದರು. ಒಂದು ದಿನ ನಾಯಿ ಬೆನ್ನು ಹತ್ತಿತು, ಓಡಿದರು. ಓಡಿದಾಗ ಎದೆಗೆ ಗಾಳಿ ಬಂತು, ಕುಣಿಯಲ್ಲಿ ಎಂದೂ ಬರದ ಗಾಳಿ. ಮರುದಿನ ನಾಯಿ ಇಲ್ಲದೆಯೂ ಓಡಿದರು. ಜೊತೆಗೆ ಸಿಕ್ಕವರು ಅದೇ ಓಣಿಯ ನಿವೃತ್ತ ಬಸ್ ಕಂಡಕ್ಟರ್, ಅರವತ್ತೇಳು ವರ್ಷ. ನಾನು ಅವರನ್ನು ಕಾಕಾ ಅನ್ನುತ್ತೇನೆ. ಇಬ್ಬರೂ ಮುಂಜಾನೆ ಐದೂವರೆಗೆ ಹುನಗುಂದದ ರಸ್ತೆ ಹಿಡಿಯುತ್ತಿದ್ದರು. ಎಷ್ಟು ಓಡಬೇಕು, ಎಂದು ಬಿಡಬೇಕು ಅನ್ನುವುದಕ್ಕೆ ಅವರ ಬಳಿ ಒಂದೇ ಪದ್ಧತಿ. ಕಾಕಾ ದಿನಾ ಕೇಳುತ್ತಿದ್ದರು:

“ನಿನ್ನಿ ಎಷ್ಟ ನೇಯ್ದಿ?”

ಮಾಮಾ ಕೈ ಚಾಚಿ ತೋರಿಸುತ್ತಿದ್ದರು, ಎರಡು ಮೊಳ, ಮೂರು ಮೊಳ. ಮೂರಾದರೆ ಕಾಕಾ “ಹಂಗಾರ ಇವತ್ತ ಆರ್ಡಿನರಿ ಬಸ್ಸು” ಅನ್ನುತ್ತಿದ್ದರು. ನಡಿಗೆ, ಎಲ್ಲ ಸ್ಟಾಪಿಗೂ ನಿಲ್ಲುವುದು, ದಾರಿಯಲ್ಲಿ ಚಹಾ. ಎರಡಕ್ಕಿಂತ ಕಡಿಮೆಯಾದರೆ ಎಕ್ಸ್‌ಪ್ರೆಸ್. ಇಷ್ಟೇ ವಿದ್ಯೆ. ಮೂರು ವರ್ಷ ಇಬ್ಬರಿಗೂ ಒಂದು ಉಳುಕೂ ಆಗಿರಲಿಲ್ಲ.

ಹೋದ ವರ್ಷ ಇಬ್ಬರೂ ಬದಾಮಿಯಲ್ಲಿ ಒಂದು ಹತ್ತು ಕಿಲೋಮೀಟರ್ ಓಟಕ್ಕೆ ಹೋಗಿದ್ದರು. ಬದಾಮಿಯಿಂದ ಬನಶಂಕರಿಗೆ ಹೋಗಿ ವಾಪಸ್ ಬರುವುದು. ಕೊನೆಯ ಎರಡು ಕಿಲೋಮೀಟರ್ ಮಾಮಾ ದಮ್ಮು ಸಾಲದೆ ನಡೆದರು. ನಡೆಯುತ್ತಿದ್ದಾಗ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತ ಒಬ್ಬ ಅಜ್ಜಿ ಅವರನ್ನು ದಾಟಿ ಹೋದಳಂತೆ. ಓಟದಲ್ಲಿ ಇದ್ದವಳೂ ಅಲ್ಲ. ಮಾಮಾ ಆ ಅಜ್ಜಿಯನ್ನು ಮರೆಯಲಿಲ್ಲ. ಈ ವರ್ಷ ಎಲ್ಲೂ ನಿಲ್ಲದೆ ಹತ್ತೂ ಓಡಿ ಮುಗಿಸಬೇಕು, ಅದೊಂದೇ ಹಟ. ಓಟಕ್ಕೆ ಎರಡೂವರೆ ತಿಂಗಳು ಉಳಿದಿತ್ತು.

ಆಗ ನಾನು ಪ್ರವೇಶ ಮಾಡಿದೆ, ಕೈಯಲ್ಲಿ ವಾಚು ಹಿಡಿದು.

ಆ ವಾಚು ನನ್ನದೇ. ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತು ನನ್ನ ಹೊಟ್ಟೆ ನನಗಿಂತ ಮೊದಲು ಬಾಗಿಲು ದಾಟುತ್ತಿತ್ತು. ತೂಕ ಇಳಿಸಲೆಂದು ವಾಚು ಕೊಂಡೆ. ಅದು ತಾಸಿಗೊಮ್ಮೆ ನಡುಗಿ, ಎದ್ದೇಳು, ನಡೆ ಎಂದು ಹೇಳಿತು. ನನ್ನ ಅಪ್ಪನೂ ನನಗೆ ಅಷ್ಟು ಸಲ ಎದ್ದೇಳು ಅಂದಿರಲಿಲ್ಲ. ಒಂಬತ್ತನೆಯ ದಿನ, ಮಿರ್ಚಿ ಭಜಿ ಬಾಯಿಗೆ ಹೋಗುವ ಹೊತ್ತಿಗೆ ಸರಿಯಾಗಿ ನಡುಗಿತು. ಸಂಬಂಧ ಅಲ್ಲಿಗೆ ಮುಗಿಯಿತು. ವಾಚನ್ನು ಮಾಮಾನ ಕೈಗೆ ಕಟ್ಟಿದೆ. ವಯಸ್ಸು, ತೂಕ, ಎಲ್ಲ ಸರಿಯಾಗಿ ತುಂಬಿದೆ. ಆ ಮಟ್ಟಿಗೆ ನಾನು ಪ್ರಾಮಾಣಿಕ.

ಮಾಮಾ ಬಳಿ ಇರುವುದು ಗುಂಡಿಯ ಫೋನು. ವಾಚು ಮಾತಾಡುವುದು ಇಂಗ್ಲಿಷು. ಹಾಗಾಗಿ ವಾಚಿನ ಲೆಕ್ಕವೆಲ್ಲ ನನ್ನ ಫೋನಿಗೆ ಬರುವಂತೆ ಮಾಡಿದೆ. ಸಂಜೆ ಅವರ ಮನೆಗೆ ಹೋಗಿ ವಾಚಿನಿಂದ ಫೋನಿಗೆ ಇಳಿಸಿಕೊಳ್ಳುವುದು, ಮುಂಜಾನೆ ಐದಕ್ಕೆ ಫೋನ್ ಹಚ್ಚಿ ಓದಿ ಹೇಳುವುದು, ಇದು ನನ್ನ ಕೆಲಸವಾಯಿತು. ಒಂದೇ ವಾರದಲ್ಲಿ ನಾನು ಕೋಚ್ ಆದೆ. ಒಂದು ಸೀಟಿ ಕೊಂಡೆ. ಟೋಪಿ ಕೊಂಡೆ. ಅವರಿಬ್ಬರೂ ಓಡುವಾಗ ನಾನು ಹಿಂದಿನಿಂದ ಸ್ಕೂಟರಿನ ಮೇಲೆ ಸೀಟಿ ಊದುತ್ತಾ ಹೋಗುತ್ತಿದ್ದೆ. ಹುನಗುಂದದ ಕಡೆಯಿಂದ ಬರುವ ಲಾರಿಗಳವರು ಯಾರೋ ದನ ಹೊಡೆದುಕೊಂಡು ಬರುತ್ತಿದ್ದಾರೆಂದು ದೂರದಿಂದಲೇ ಸಾವಕಾಶ ಮಾಡುತ್ತಿದ್ದರು.

“ಮಾಮಾ, ನಿಮ್ಮ ತಾಲೀಮು ಉತ್ಪಾದಕ ಆಗೇತಿ ಅಂತ ಬಂದೈತ್ರಿ,” ಎಂದು ಒಂದು ಮುಂಜಾನೆ ಓದಿದೆ.

“ನಾ ಏನ್ ಹೈನದ ಎಮ್ಮಿಯೇನಲೇ, ಉತ್ಪಾದಕ ಆಗಾಕ?”

“ಛಲೋ ನಡದೈತಿ ಅಂತ ಅರ್ಥರೀ. ಇವತ್ತ ವೇಗದ ಓಟ ಓಡಬೇಕಂತ. ಜೋರ ನಾಕ್ನೂರು ಮೀಟರ್, ಸಾವಕಾಶ ನಾಕ್ನೂರು, ಹಿಂಗ ಆರ್ ಸಲ.”

“ನಿನ್ನಿ ಓಡಿದ್ದಕ್ಕ ಮೀನಗಂಡ ಹಿಡದಾವಲೋ.”

“ಅದು ನಿಮಗ ಹಂಗ ಅನಸ್ತೈತ್ರಿ. ವಾಚ್ ಹೇಳಾಕತ್ತೈತಿ, ನೀವು ಪೂರಾ ಚೇತರಿಸ್ಕೊಂಡೀರಿ.”

ಇಲ್ಲಿದೆ ನೋಡಿ ನನ್ನ ಮೊಳೆಯ ಪ್ರತಾಪ. ಮುಂಜಾನೆ ಓಡಿ ಬಂದಕೂಡಲೇ ವಾಚು, ಇವರಿಗೆ ಇಷ್ಟು ತಾಸು ವಿಶ್ರಾಂತಿ ಬೇಕು ಎಂದು ಲೆಕ್ಕ ಹಾಕುತ್ತಿತ್ತು. ಆಮೇಲೆ ಒಂದೊಂದೇ ತಾಸು ಕಳೆಯುತ್ತಾ ಬರುತ್ತಿತ್ತು. ಎಂಟಕ್ಕೆ ಮಾಮಾ ಅದನ್ನು ಮೊಳೆಗೆ ಹಾಕಿ ಕುಣಿಗೆ ಇಳಿಯುತ್ತಿದ್ದರು. ವಾಚು ಗೋಡೆಯ ಮೇಲೆ ಹಾಯಾಗಿ ತೂಗುತ್ತಾ, ಅವರೂ ತನ್ನ ಹಾಗೆಯೇ ಎಲ್ಲೋ ತೂಗುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಅದರ ಕೆಳಗೆ ಮೂರೇ ಮಾರು ದೂರದಲ್ಲಿ ಅವರ ಬಲಗಾಲು ಸಾವಿರ ಸಲವೋ ಹತ್ತು ಸಾವಿರ ಸಲವೋ ಹಲಗೆ ಒತ್ತುತ್ತಿತ್ತು. ರಾತ್ರಿ ಮಲಗುವಾಗಲಾದರೂ ಕಟ್ಟಿಕೊಂಡಿದ್ದರೆ ನಾಡಿ ನೋಡಿಯಾದರೂ ಅದಕ್ಕೆ ಅನುಮಾನ ಬರುತ್ತಿತ್ತೇನೋ. ಆದರೆ ಅದರ ಹಿಂದಿನ ಹಸಿರು ದೀಪ ಕಂಡು ಅತ್ತಿ, ಅಂದರೆ ಮಾಮಾನ ಹೆಂಡತಿ, “ಹಾಸಿಗ್ಯಾಗ ಹಾವಿನ ಕಣ್ಣ ಬ್ಯಾಡ” ಎಂದು ಮೊದಲ ರಾತ್ರಿಯೇ ಬಿಚ್ಚಿಸಿದ್ದಳು. ಹೀಗೆ ವಾಚಿಗೆ ಗೊತ್ತಿದ್ದ ಮಾಮಾ ದಿನಕ್ಕೆ ಒಂದು ತಾಸು ಓಡಿ ಇಪ್ಪತ್ತು ತಾಸು ಬಿದ್ದುಕೊಂಡಿರುವ ಯಾವನೋ ಜಮೀನುದಾರ.

ಇದರ ನಡುವೆ ಕಾಕಾ ಕೇಳುವುದನ್ನು ನಿಲ್ಲಿಸಿದರು. ಒಂದೆರಡು ದಿನ “ನಿನ್ನಿ ಎಷ್ಟ ನೇಯ್ದಿ?” ಅಂದರು. ನಾನು ನಡುವೆ ಬಾಯಿ ಹಾಕಿ, “ಕಾಕಾ, ಈಗ ಅದೆಲ್ಲ ಮಷಿನ್ ನೋಡ್ಕೊಳ್ತೈತ್ರಿ” ಅಂದೆ. ಮೂವತ್ತೈದು ವರ್ಷ ಬಸ್ಸಿನಲ್ಲಿ ಜನರ ಮುಖ ನೋಡಿಯೇ ಯಾರು ಟಿಕೆಟ್ ತಗೊಂಡಿಲ್ಲ ಎಂದು ಹೇಳುತ್ತಿದ್ದ ಮನುಷ್ಯ ನನ್ನ ಮುಖ ನೋಡಿದರು. ಸೀಟಿಯನ್ನು ನನ್ನ ಕೊರಳಿಂದ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು.

ಒಂದೇ ಒಂದು ಸಲ ವಾಚು ವಿಶ್ರಾಂತಿ ಹೇಳಿತು. ಅದು ಅಮಾವಾಸ್ಯೆಯ ಮರುದಿನ. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತಾರೆ, ಪೂಜೆ ಮಾಡಿ ಬಿಡುತ್ತಾರೆ. ಅವತ್ತು ಮಾಮಾ ದಿನವಿಡೀ ವಾಚು ಕಟ್ಟಿಕೊಂಡಿದ್ದರು. ಗುಡಿಗೆ ಹೋದರು, ಸಂತೆಗೆ ಹೋದರು, ತಗಡಿನ ಮಾಳಿಗೆ ಹತ್ತಿ ಒಂದು ತೂತು ಮುಚ್ಚಿದರು, ಹೋಳಿಗೆ ಉಂಡು ಮಲಗಿದರು. ಮರುದಿನ ಮುಂಜಾನೆ ವಾಚು ಗಾಬರಿಯಾಗಿತ್ತು: ನಿನ್ನೆ ಭಾರೀ ದಣಿವಾಗಿದೆ, ಇವತ್ತು ಓಡಬಾರದು! ಮಗ್ಗ ನಿಂತು ಅವರ ಕಾಲಿಗೆ ಆರಾಮು ಸಿಗುವ ವರ್ಷದ ಹನ್ನೆರಡು ದಿನದಲ್ಲಿ ಆ ಅಮಾವಾಸ್ಯೆಯೂ ಒಂದು. ಮೂಗಿನ ಮುಂದೆಯೇ ಬಂದು ನಿಂತಿದ್ದ ಸತ್ಯವನ್ನು ನಾನು, “ಮಾಮಾ, ಹೋಳಿಗಿ ಭಾಳ ಉಂಡಿರಿ” ಎಂದು ಬೈದು ಕಳಿಸಿದೆ.

ಬಲಗಾಲಿನ ಹಿಮ್ಮಡಿಯ ಮೇಲಿನ ದಪ್ಪ ನರ ನೋಯುತ್ತಿದೆ ಎಂದು ಮಾಮಾ ನನಗೆ ಹೇಳಲೇ ಇಲ್ಲ. ಹೇಳಿದ್ದು ಅತ್ತಿ. ಮುಂಜಾನೆ ಹಾಸಿಗೆಯಿಂದ ಎದ್ದವರು ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದು ಇಡುತ್ತಾರೆ ಎಂದಳು.

“ಅಲ್ಲಲೇ, ಆ ಕಾಲ್ ಹ್ವಾದ್ರ ನೀ ಬಂದು ಕುಣ್ಯಾಗ ಇಳೀತಿಯೇನು?” ಎಂದು ಕೇಳಿದಳು.

“ಅತ್ತಿ, ವಾಚ್‌ನಾಗ ಎಲ್ಲಾ ಹಸಿರು ತೋರಸ್ತೈತಿ.”

“ಹಸಿರು ಹುಲ್ಲೂ ಇರತೈತಿ. ನೀ ತಿಂತಿಯೇನು?”

ನಾನು ಚಹಾ ಕುಡಿದು ಬಂದೆ. ಆದರೂ ಆವತ್ತಿನಿಂದ ಒಳಗೊಂದು ಇರುವೆ ಹರಿದಾಡಲು ಶುರುವಾಯಿತು. ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಾ ಅರ್ಧ ತಾಸಿಗೊಮ್ಮೆ ಫೋನು ತೆಗೆದು ಮಾಮಾ ಪೂರಾ ತಯಾರಿದ್ದಾರೆ ಅನ್ನುವ ಹಸಿರು ಗೆರೆ ನೋಡುತ್ತಿದ್ದೆ. ಗೆರೆ ಹಸಿರೇ ಇತ್ತು. ಅದು ಹಸಿರಿದ್ದಷ್ಟೂ ನನಗೆ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ. ಒಂದು ಕಡೆ ಮನುಷ್ಯ ಗೋಡೆ ಹಿಡಿದು ನಡೆಯುತ್ತಿದ್ದಾನೆ, ಇನ್ನೊಂದು ಕಡೆ ಮಷಿನ್ನು ಅವನನ್ನು ಕುದುರೆ ಅನ್ನುತ್ತಿದೆ. ಯಾರನ್ನು ನಂಬುವುದು? ನಾನು ಮಷಿನ್ನನ್ನು ನಂಬಿದೆ. ಯಾಕೆಂದರೆ ಅದನ್ನು ಕೊಂಡವನು ನಾನು.

ಓಟಕ್ಕೆ ಮೂರೂವರೆ ವಾರ ಇತ್ತು. ಅವತ್ತು ಮತ್ತೆ ಆರು ಸಲ ನಾನೂರು ಮೀಟರ್. ನಾಲ್ಕನೆಯದರಲ್ಲಿ ಮಾಮಾ ಇದ್ದಕ್ಕಿದ್ದಂತೆ ಹಿಂತಿರುಗಿ ನೋಡಿದರು, ಯಾರೋ ಹಿಂದಿನಿಂದ ಹಿಮ್ಮಡಿಗೆ ಕಲ್ಲು ಹೊಡೆದ ಹಾಗೆ. ಹಿಂದೆ ಇದ್ದವನು ನಾನೊಬ್ಬನೇ, ಸ್ಕೂಟರ್ ಮೇಲೆ. ಕಲ್ಲು ಹೊಡೆದಿರಲಿಲ್ಲ. ಮಾಮಾ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಮೇಲೆ ಕೂತರು. ಮುಖದ ಬಣ್ಣವೇ ಬೇರೆಯಾಗಿತ್ತು. ಕಾಕಾ ಓಡಿ ಬಂದು ಅವರ ಬೂಟು ಬಿಚ್ಚಿದರು. ವಾಚು ನಡುಗಿತು. ನಾನು ಬಗ್ಗಿ ಓದಿದೆ: ಇನ್ನೂ ಎರಡು ಸುತ್ತು ಬಾಕಿ ಇದೆ.

“ಏನಂತೈತಿ ಅದು?” ಕಾಕಾ ಕೇಳಿದರು.

“ಏನೂ ಇಲ್ರೀ,” ಅಂದೆ. ಕೋಚ್ ಆದ ಮೇಲೆ ನಾನು ಹೇಳಿದ ಮೊದಲ ಒಳ್ಳೆಯ ಮಾತು ಅದು, ಅದೂ ಸುಳ್ಳು.

ಮರುದಿನ ಮೂವರೂ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆವು. ಹುನಗುಂದ, ಅಮೀನಗಡ ದಾಟುವವರೆಗೂ ನಾನು ಕಾಲು ಅಲ್ಲಾಡಿಸುತ್ತಾ ಕೂತಿದ್ದೆ. ಮುಂದಿನ ಸೀಟಿನ ಹೆಣ್ಣುಮಗಳು ಹೊರಳಿ ನೋಡಿ, “ತಮ್ಮಾ, ಸೀಟ ಅಲಗ್ಯಾಡಸಬ್ಯಾಡೋ” ಅಂದಳು. ಮಾಮಾ ಅದಕ್ಕೂ ನಗಲಿಲ್ಲ. ಬಲಗಾಲನ್ನು ಚೀಲದ ಮೇಲೆ ಇಟ್ಟು ಅದನ್ನೇ ನೋಡುತ್ತಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಆ ಕಾಲಿಲ್ಲದೆ ಅದು ಅರ್ಧವಾಗಿಯೇ ಉಳಿಯುತ್ತದೆ.

ಅಲ್ಲಿನ ನವನಗರದಲ್ಲಿ ಎಲುಬಿನ ಡಾಕ್ಟರು ಒಬ್ಬ ಹೆಣ್ಣುಮಗಳು, ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಹಿಮ್ಮಡಿಯನ್ನು ಎರಡು ಬೆರಳಿನಿಂದ ಒತ್ತಿದರು. ಮಾಮಾ ಹಲ್ಲು ಕಚ್ಚಿದರು.

“ಹರಿದಿಲ್ರಿ. ಬಾತೈತಿ. ಇನ್ನೊಂದ ನಾಕ್ ದಿನ ಹಿಂಗ ಓಡಿದ್ರ ಹರೀತಿತ್ತು. ಹರದ್ರ ಓಟ ಒತ್ತಟ್ಟಿಗಿರ್ಲಿ, ತಿಂಗಳಗಟ್ಟಲೆ ಆ ಕಾಲ ನೆಲಕ್ಕ ಒತ್ತಾಕ ಆಗೂದಿಲ್ಲ. ಏನ್ ಕೆಲಸ ಮಾಡ್ತೀರಿ?”

“ಮಗ್ಗರೀ. ಕುಣಿಮಗ್ಗ.”

“ಹೆಂಗ ಮಾಡ್ತೀರಿ, ತೋರಸ್ರಿ?”

ಮಾಮಾ ಮೇಜಿನ ಅಂಚಿಗೆ ಸರಿದು ಕಾಲು ಇಳಿಬಿಟ್ಟರು. ಗಾಳಿಯಲ್ಲೇ ಹಲಗೆ ಒತ್ತಿ ತೋರಿಸಿದರು. ಬಲ, ಎಡ, ಬಲ, ಎಡ. ಕೈಗಳೂ ತಾವಾಗಿಯೇ ಲಾಳಿ ಎಳೆಯತೊಡಗಿದವು. ಪಾದ ಕೆಳಗಿಳಿದಾಗೆಲ್ಲ ಹಿಮ್ಮಡಿಯ ಮೇಲಿನ ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಡಾಕ್ಟರು ಆ ನರದ ಮೇಲೆ ಬೆರಳಿಟ್ಟರು.

“ದಿನಕ್ಕ ಎಷ್ಟ ತಾಸು?”

“ಒಂಬತ್ತ ಹಿಡೀರಿ.”

“ಒಂಬತ್ತ ತಾಸು ಇದು, ಅದರ ಮ್ಯಾಲೆ ಓಟ. ಓಟದ ಲೆಕ್ಕ ಯಾರು ಹಾಕಿಕೊಟ್ರು?”

ಕಾಕಾ ನನ್ನ ಕಡೆ ನೋಡಲಿಲ್ಲ. ಮಾಮಾ ನೋಡಲಿಲ್ಲ. ಇಬ್ಬರೂ ಎಷ್ಟು ಕಷ್ಟಪಟ್ಟು ನೋಡಲಿಲ್ಲ ಅಂದರೆ ಡಾಕ್ಟರೇ ನನ್ನ ಕಡೆ ತಿರುಗಿದರು. ನಾನು ಫೋನು ತೆಗೆದು ಹಸಿರು ಗೆರೆ ತೋರಿಸಿದೆ, ಪರೀಕ್ಷೆಯಲ್ಲಿ ಫೇಲಾದವನು ಅಂಕಪಟ್ಟಿ ತೋರಿಸುವ ಹಾಗೆ.

“ಮಗ್ಗದಾಗ ಕುಂತಾಗ ವಾಚ್ ಕೈಯಾಗ ಇರತೈತೇನ್ರಿ?”

“ಇಲ್ರೀ, ಮೊಳೀಗೆ ಇರತೈತಿ,” ಮಾಮಾ ಹೇಳಿದರು. “ಎಳಿಗೆ ಸಿಗಬಾರದಂತ.”

ಫೋನಿನಲ್ಲಿ ನನ್ನ ಬೆರಳು ಹಿಂದಕ್ಕೆ ಹಿಂದಕ್ಕೆ ಜಾರುತ್ತಾ ಹೋಗಿ ಅಮಾವಾಸ್ಯೆಯ ದಿನದ ಮೇಲೆ ನಿಂತಿತು. ಹಸಿರಿನ ನಡುವೆ ಒಂದೇ ಒಂದು ಕೆಂಪು ಕಡ್ಡಿ, ಮಗ್ಗ ನಿಂತ ದಿನದ್ದು. ನಾನು ಆ ಖೋಲಿಯ ನೆಲ ಬಿರಿದು ನನಗೂ ಒಂದು ಕುಣಿ ಕೊಡಲಿ ಎಂದು ಕಾದೆ. ನವನಗರದ ನೆಲ ಗಟ್ಟಿ, ಬಿರಿಯಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಎರಡು ವಾರ ಓಟ ಇಲ್ಲ. ಮಗ್ಗ ಅರ್ಧ ದಿನ. ಮೆಟ್ಟಿಲಿನ ಅಂಚಿಗೆ ನಿಂತು ಹಿಮ್ಮಡಿ ಎತ್ತಿ ಇಳಿಸುವ ಒಂದು ವ್ಯಾಯಾಮ. ಆಮೇಲೆ ನೋವಿಲ್ಲದಿದ್ದರೆ ಸಾವಕಾಶ ಓಡಬಹುದು. ಬದಾಮಿಗೆ ಹೋಗಬೇಕೆ ಬೇಡವೇ ಅನ್ನುವುದನ್ನು ಅವರು ನಮಗೇ ಬಿಟ್ಟರು. “ನೋವು ಬಂತಂದ್ರ ಅಲ್ಲೇ ನಿಲ್ರಿ. ಮುಗಸಬೇಕಂತ ಹಟ ಹಿಡೀಬ್ಯಾಡ್ರಿ” ಎಂದರು.

ಊರಿಗೆ ಬಂದು ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವವನಾಗಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ತಪ್ಪು ತಿದ್ದುತ್ತೇನೆ ಎಂದು ಹೋಗಿ ವಾಚನ್ನು ಮಾಮಾನ ಕೈಗಲ್ಲ, ಬಲಗಾಲಿನ ಗಂಟಿಗೆ ಕಟ್ಟಿದೆ, ಮಗ್ಗದ ಲೆಕ್ಕವೂ ಬರಲಿ ಎಂದು. ಅರ್ಧ ದಿನಕ್ಕೇ ವಾಚಿಗೆ ಹುಚ್ಚು ಹಿಡಿಯಿತು. ಮಾಮಾ ಇಳಕಲ್ಲಿನಿಂದ ಹೊರಟು ಅಮೀನಗಡದ ಹತ್ತಿರ ಬಂದಿದ್ದಾರೆ ಎಂದು ಅಭಿನಂದನೆ ಹೇಳಿತು. ಸಂಜೆ ಹೊತ್ತಿಗೆ, ಇವರು ನಾಲ್ಕು ದಿನ ಅಲುಗಾಡಬಾರದು ಅಂದಿತು.

“ಮೊದಲ ಕುಂತಾಗ ಓಡು ಅಂತಿತ್ತು. ಈಗ ಕುಣ್ಯಾಗೂ ಕುಂಡ್ರಬ್ಯಾಡ ಅಂತೈತಿ,” ಎಂದು ಮಾಮಾ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು. “ಅಳಿಯಾ, ಇದನ್ನ ಸ್ವಲ್ಪ ದಿನ ನೀನ ಕಟಗೋ.”

ಆ ಎರಡು ವಾರ ನಮ್ಮ ಓಣಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಓಡಬೇಡ ಎಂದು ಹೇಳಿಸಿಕೊಂಡ ಮನುಷ್ಯ ಐದಕ್ಕೇ ಎದ್ದು ಅಂಗಳದಲ್ಲಿ ಎಂಟು ಹೆಜ್ಜೆ ಆ ಕಡೆ, ಎಂಟು ಹೆಜ್ಜೆ ಈ ಕಡೆ ತಿರುಗುತ್ತಿದ್ದ. ಹಾಲು ತರಲು ಬೂಟು ಹಾಕಿಕೊಂಡು ಹೋಗುತ್ತಿದ್ದ. ಒಂದು ಲೀಟರ್ ಹಾಲಿಗೆ ನಲವತ್ತು ನಿಮಿಷ ಯಾಕೆ ಬೇಕು ಎಂದು ಅತ್ತಿ ಅನುಮಾನಪಟ್ಟು, ಬೂಟನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟಳು. ಮಾಮಾ ಅದನ್ನು ಹುಡುಕಿ ತೆಗೆದರು. ಎರಡು ದಿನ ಅವರ ಬೂಟಿನಿಂದ ಜೋಳ ಉದುರುತ್ತಿತ್ತು, ಹಿಂದೆ ಕೋಳಿಗಳು ಹೋಗುತ್ತಿದ್ದವು. ಮಧ್ಯಾಹ್ನ ಮಗ್ಗ ನಿಲ್ಲಿಸಿದ ಮೇಲೆ ಅವರಿಗೆ ಕೈಕಾಲು ಎಲ್ಲಿ ಇಡಬೇಕು ಎಂದೇ ತಿಳಿಯುತ್ತಿರಲಿಲ್ಲ. ಗಡಿಯಾರ ನೋಡುವರು, ಬಾಗಿಲಿಗೆ ಬರುವರು, ಬೀದಿ ನೋಡಿ ಒಳಗೆ ಹೋಗುವರು. ನಾನು ಆಫೀಸಿನಿಂದ ಮೂರು ಸಲ ಫೋನ್ ಮಾಡಿ “ಕಾಲ್ ಹೆಂಗೈತ್ರಿ?” ಅನ್ನುತ್ತಿದ್ದೆ. ಮೂರನೆಯ ಸಲ ಅತ್ತಿ ಎತ್ತಿಕೊಂಡು, “ಅದು ಕಾಲೋ, ಬಸುರಿಯೋ? ತಾಸಿಗೊಮ್ಮಿ ಕೇಳ್ತಿಯಲ್ಲ!” ಅಂದಳು.

ಆದರೆ ಆ ಚಡಪಡಿಕೆಯಲ್ಲೇ ಮಾಮಾ ತಮ್ಮದೊಂದು ದಾರಿ ಕಂಡುಕೊಂಡರು. ಇಳಕಲ್ ಸೀರೆಯ ಸೆರಗಿನ ಎಳೆ ಬೇರೆ, ಒಡಲಿನ ಎಳೆ ಬೇರೆ. ಎರಡನ್ನೂ ಒಂದೊಂದು ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸದ ದಿನ ಕೈಗೆ, ಕಣ್ಣಿಗೆ ದಣಿವು. ಕಾಲಿಗೆ ಕೆಲಸವೇ ಇಲ್ಲ. “ಇನ್ನ ಮ್ಯಾಲೆ ಓಟ ಏನಿದ್ರೂ ಕೊಂಡಿ ಹಾಕೋ ದಿನದ ಮರುದಿನ, ಇಲ್ಲಾ ಅಮಾಸಿ ಮರುದಿನ” ಎಂದರು. ಕಾಕಾ ತಲೆಯಾಡಿಸಿ ಮತ್ತೆ ತಮ್ಮ ಹಳೆಯ ಪ್ರಶ್ನೆ ಶುರುಮಾಡಿದರು. ಜೊತೆಗೆ ಮುಂಜಾನೆ ಮಾಮಾ ಬಾಗಿಲ ಮೆಟ್ಟಿಲಿಗೆ ಒಂಟಿಗಾಲಲ್ಲಿ ನಿಂತು ಹತ್ತು ಸಲ ಹಿಮ್ಮಡಿ ಎತ್ತುವರು. ಆರನೆಯದಕ್ಕೇ ಮುಖ ಕಿವುಚಿದರೆ ಅವತ್ತು ನಡಿಗೆ. ಹತ್ತೂ ಆದರೆ ಓಟ. ಕೊನೆಯ ವಾರದಲ್ಲಿ ಮೂರು ದಿನ ಹತ್ತೂ ಆಯಿತು. ಬದಾಮಿಗೆ ಹೋಗುವುದು ಎಂದಾಯಿತು.

ಬದಾಮಿಯಲ್ಲಿ ಅವತ್ತು ಬಂಡೆಗಳ ಮೇಲೆ ಬಿಸಿಲು ಇನ್ನೂ ಬಿದ್ದಿರಲಿಲ್ಲ. ಇಬ್ಬರೂ ಮುನ್ನೂರು ಜನರ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಮಾಮಾನ ಕೈ ಬರಿದಾಗಿತ್ತು. ವಾಚು ನನ್ನ ಕೈಯಲ್ಲಿತ್ತು, ನಾನು ನಿಂತೇ ಇದ್ದರೂ ಅದು ನನ್ನ ನಾಡಿ ನೋಡಿ, ನೀನು ಓಡುತ್ತಿದ್ದೀಯಾ ಎಂದು ಕೇಳಿತು. ಅವರು ಹೊರಟ ಮೇಲೆ ನಾನು ಮುಗಿಯುವ ಜಾಗದಲ್ಲಿ ಒಂದು ಡಜನ್ ಬಾಳೆಹಣ್ಣು ಹಿಡಿದು ನಿಂತೆ. ಬದಾಮಿಯ ಮಂಗಗಳಿಗೆ ನನ್ನ ಬುದ್ಧಿಮಟ್ಟ ದೂರದಿಂದಲೇ ತಿಳಿಯಿತು. ಹತ್ತು ನಿಮಿಷದಲ್ಲಿ ನನ್ನ ಕೈಯಲ್ಲಿ ಚೀಲದ ಕಿವಿ ಮಾತ್ರ ಉಳಿದಿತ್ತು.

ಒಂದು ತಾಸು ಆಯಿತು. ಜನ ಬರತೊಡಗಿದರು. ನಾನು ಎಲ್ಲರ ಕಾಲನ್ನೇ ನೋಡುತ್ತಿದ್ದೆ. ಕಾಕಾ ಬಂದರು. ಒಬ್ಬರೇ.

“ಮಾಮಾ ಎಲ್ಲದಾರ್ರೀ?”

“ಹಿಂದ ಅದಾನ. ನೀ ನಡಿ ಅಂದ. ನಾ ಬಂದೆ.” ಅವರಿಗೆ ಉಸಿರು ಸಿಗುತ್ತಿರಲಿಲ್ಲ.

“ಓಡಾಕತ್ತಿದ್ರೋ, ನಡ್ಯಾಕತ್ತಿದ್ರೋ?”

“ನಾ ನೋಡಿದಾಗ ಓಡಾಕತ್ತಿದ್ದ.”

ಮತ್ತೆ ಹದಿನೈದು ನಿಮಿಷ ಆಯಿತು. ಬಂದವರಲ್ಲಿ ಮಾಮಾ ಇಲ್ಲ. ನನ್ನ ತಲೆಯೊಳಗೆ ಹಗ್ಗ ಹರಿದ ಸದ್ದು ಕೇಳತೊಡಗಿತು. ಆ ನರ ಹರಿದಿದೆ, ಮನುಷ್ಯ ರಸ್ತೆಯಲ್ಲಿ ಬಿದ್ದಿದ್ದಾನೆ, ಅತ್ತಿ ಬಾಗಿಲಲ್ಲಿ ನಿಂತಿದ್ದಾಳೆ, ಮಗ್ಗದ ಮೇಲೆ ಸೀರೆ ಅರ್ಧ. ನಾನು ಓಡಿದೆ. ಚಪ್ಪಲಿ ಹಾಕಿಕೊಂಡೇ, ಎಲ್ಲರೂ ಬರುವ ದಿಕ್ಕಿಗೆ ಎದುರಾಗಿ. “ಉಲ್ಟಾ ಓಡಾಕತ್ತೀಯೋ” ಎಂದು ಜನ ಕೂಗುತ್ತಿದ್ದರು. ಒಂದು ಚಪ್ಪಲಿಯ ಉಂಗುಟ ಕಿತ್ತಿತು, ಅದನ್ನು ಕೈಯಲ್ಲಿ ಹಿಡಿದೆ. ಇನ್ನೊಂದು ತಾನಾಗಿಯೇ ಎಲ್ಲೋ ಹೋಯಿತು. ಹೊಟ್ಟೆ ನನ್ನ ಹಿಂದೆ ಅರ್ಧ ಹೆಜ್ಜೆ ತಡವಾಗಿ ಬರುತ್ತಿತ್ತು. ಒಂದೂಮುಕ್ಕಾಲು ಕಿಲೋಮೀಟರ್ ಓಡಿದ್ದೇನೆ ಎಂದು ವಾಚು ಆಮೇಲೆ ಸಾಕ್ಷಿ ಹೇಳಿತು. ನನ್ನ ಜೀವನದ ದಾಖಲೆ.

ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಮಾಮಾ ಕೂತಿದ್ದರು. ಬಲಗಾಲಿನ ಬೂಟು ಪಕ್ಕಕ್ಕಿತ್ತು. ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಹರೀತೇನ್ರಿ?” ಅಂದೆ. ಅಂದೆನೋ, ಕಿರುಚಿದೆನೋ.

“ಇಲ್ಲೋ. ಎಂಟ ಕಿಲೋಮೀಟರ್ ದಾಟಿದ ಮ್ಯಾಲೆ ಜುಮ್ ಅಂತು. ಕುಂತೆ.”

ಅವರು ಪಾದವನ್ನು ಮೆಲ್ಲಗೆ ಕೆಳಗೆ ಒತ್ತಿ ತೋರಿಸಿದರು, ಮೇಲೆ ಎತ್ತಿ ತೋರಿಸಿದರು. ನರ ಎದ್ದಿತು, ಇಳಿಯಿತು. ಹರಿದಿರಲಿಲ್ಲ. ನಾನು ಅವರ ಪಕ್ಕದಲ್ಲಿ ಕಟ್ಟೆಗೆ ಬಿದ್ದೆ. ದಮ್ಮು ಹಿಡಿದದ್ದು ನನಗೆ, ಬೆನ್ನು ಸವರಿದವರು ಅವರು. ನಮ್ಮ ಮುಂದೆ ಬಾಕಿ ಉಳಿದವರು ಒಬ್ಬೊಬ್ಬರಾಗಿ ದಾಟುತ್ತಾ ಹೋದರು. ಮಾಮಾ ಪ್ರತಿಯೊಬ್ಬರನ್ನೂ ಕಣ್ಣಿನಿಂದ ಕಳಿಸಿಕೊಟ್ಟರು. ಹತ್ತೂ ಕಿಲೋಮೀಟರ್ ಓಡಿ ಮುಗಿಸುವುದು ಈ ವರ್ಷವೂ ಆಗಲಿಲ್ಲ.

ಉಸಿರು ಬಂದ ಮೇಲೆ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಕಾಲು ನಾನು ಕೆಡಿಸಿದ್ದು, ವಾಚಿಗೆ ಮಗ್ಗ ಕಾಣುತ್ತಿರಲಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ, ಅಮಾವಾಸ್ಯೆಯ ದಿನವೇ ಹೊಳೆಯಬೇಕಿತ್ತು. ಅವರು ಬೂಟಿನ ದಾರ ಬಿಚ್ಚುತ್ತಾ, ಕಟ್ಟುತ್ತಾ ಕೇಳಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

“ವಾಚ್ ತಪ್ಪ ಹೇಳಾಕತ್ತೈತಂತ ನನಗ ಮೊದಲನೇ ವಾರದಾಗ ಗೊತ್ತಾಗಿತ್ತಲೇ. ನಲವತ್ತೈದ ವರ್ಷ ಕುಣ್ಯಾಗ ಕಾಲ್ ಇಟ್ಟಾಂವಗ ತನ್ನ ಕಾಲ್ ದಣದಾವೋ ಇಲ್ಲೋ ತಿಳಿಯೂದಿಲ್ಲೇನು? ಆದ್ರ ಮುಂಜಾನೆ ಎದ್ದಕೂಡ್ಲೆ ನೀ ಫೋನ್ ಹಚ್ಚಿ, ಮಾಮಾ ನೀವು ಪೂರಾ ತಯಾರದೀರಿ ಅಂತಿದ್ದಿ. ಅರವತ್ತ ದಾಟಿದ ಮ್ಯಾಲೆ ಹಂಗ ಯಾರೂ ಅನ್ನೂದಿಲ್ಲೋ. ಕುಂಡ್ರು, ಹುಷಾರು, ಸಾವಕಾಶ ಅಂತಾರ. ಕೇಳಾಕ ಛಲೋ ಅನಸ್ತಿತ್ತು, ಸುಮ್ನಿದ್ದೆ. ಇವತ್ತ ಕುಂಡ್ರು ಅಂತ ಯಾರೂ ಹೇಳ್ಲಿಲ್ಲ, ನಾನ ಕುಂತೆ. ಅದನ್ನ ಮನೀಗೆ ಹೋಗಿ ನಿಮ್ಮ ಅತ್ತಿ ಮುಂದ ನೀನ ಹೇಳು. ನಾ ಹೇಳಿದ್ರ ಆಕಿ ನಂಬೂದಿಲ್ಲ.”